ಅಂಕಪಟ್ಟಿ ಹೇಳುವ ಕಥೆ

ಕಾಳೀನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ, ಕಾರವಾರದ ಎದುರು ದಡದ ಗುಡ್ಡದ ಮೇಲೆ ಸದಾಶಿವಗಡದ ಕೋಟೆಯಿದೆ. ಸೋದೆಯ ಅರಸರು ಕಟ್ಟಿಸಿದ ಈ ಕೋಟೆಯಿಂದ ಉತ್ತರಕ್ಕೆ ಕೆಲವೇ ಮೈಲಿ ಸಾಗಿದರೆ ಗೋವೆಯ ಗಡಿ ಸಿಗುತ್ತದೆ. ಗೋವೆಯ ಜನರಿಗೆ ಕಾಲ್ಚೆಂಡಾಟವೆಂದರೆ ಬಲು ಅಚ್ಚುಮೆಚ್ಚು. ಅಲ್ಲಿಯ ಡೆಂಪೊ ಸಂಘವು 2005ರಿಂದ 2012ರವರೆಗಿನ ಅವಧಿಯಲ್ಲಿ ಐದು ಬಾರಿ ರಾಷ್ಟ್ರೀಯ ಲೀಗನ್ನು ಗೆದ್ದು ಕೀರ್ತಿಶಾಲಿಯಾಗಿತ್ತು. ಆದರೆ 2015ರಲ್ಲಿ ಅದೇ ಸಂಘವು ಎರಡನೆಯ ದರ್ಜೆಗೆ ಇಳಿಯಬೇಕಾಯಿತು. ಇತ್ತ ನಮ್ಮ ರಾಜ್ಯದಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್, ತನ್ನ ಮೊದಲ ವರ್ಷದಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಪಡೆಯಿತು. ಹೆಸರಾಂತವರು ಕೆಳಗಿಳಿಯುವುದೂ ಹೊಸಬರು ಮೇಲೇರುವುದೂ ಹೇಗೆ? ಇದನ್ನು ತಿಳಿಯಲು ಲೀಗ್ ಪದ್ಧತಿಯನ್ನೂ ಅದರ ಅಂಕಪಟ್ಟಿಯನ್ನೂ ಅರಿಯಬೇಕು.

ಕಾಲ್ಚೆಂಡಾಟದ ಸ್ಪರ್ಧೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೊದಲನೆಯದರಲ್ಲಿ ಸೋತ ತಂಡವು ಅಂದೇ ಸ್ಪರ್ಧೆಯಿಂದ ಹೊರಬೀಳುತ್ತದೆ. ಮುಂಬಯಿಯ ರೋವರ್ಸ್ ಕಪ್ ಇಂಥದಾಗಿತ್ತು. 1891ರಲ್ಲಿ ಆರಂಭವಾದ ಈ ಸ್ಪರ್ಧೆಯನ್ನು ಬಹುಕಾಲ ಬ್ರಿಟಿಷ್ ಸೈನಿಕ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಗೌರವವು ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಂದಿತು. ಮರುವರ್ಷವೂ ಅವರೇ ವಿಜಯಿಗಳಾದರು. ಇಂಥ ಸ್ಪರ್ಧೆಯಲ್ಲಿ ರೋಮಾಂಚನ ಹೆಚ್ಚು; ಆದರೆ ಒಂದು ದಿನದ ದುರದೃಷ್ಟವು ಸಮರ್ಥ ತಂಡವನ್ನೂ ಮನೆಗೆ ಕಳುಹಿಸಬಹುದು.

ಎರಡನೆಯದು ಲೀಗ್ ಪದ್ಧತಿ. 1888ರಲ್ಲಿ ವಿಲಿಯಂ ಮೆಕ್‌ಗ್ರೆಗರ್ ಎಂಬಾತನ ಪ್ರಯತ್ನದಿಂದ ಇಂಗ್ಲೆಂಡಿನ ಹನ್ನೆರಡು ಸಂಘಗಳು ಕೂಡಿ ಇದನ್ನು ಆರಂಭಿಸಿದವು. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಎರಡೆರಡು ಬಾರಿ, ಒಮ್ಮೆ ತನ್ನ ಊರಿನಲ್ಲಿ, ಮತ್ತೊಮ್ಮೆ ಎದುರಾಳಿಯ ಊರಿನಲ್ಲಿ, ಆಡಬೇಕೆಂಬುದು ನಿಯಮ. ಹೀಗೆ ಪ್ರತಿ ತಂಡಕ್ಕೂ 22 ಪಂದ್ಯಗಳು ದೊರೆತವು. ಇಲ್ಲಿ ಒಂದು ಸೋಲಿನಿಂದ ಎಲ್ಲವೂ ಮುಗಿಯುವುದಿಲ್ಲ; ಒಂದು ಗೆಲುವಿನಿಂದ ಎಲ್ಲವೂ ಕೈಸೇರುವುದೂ ಇಲ್ಲ.

ಈ ದೀರ್ಘ ಹೋರಾಟದ ಲೆಕ್ಕವೇ ಅಂಕಪಟ್ಟಿ. ಆಡಿದ, ಗೆದ್ದ, ಸಮಮಾಡಿಕೊಂಡ, ಸೋತ ಪಂದ್ಯಗಳ ಸಂಖ್ಯೆ. ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು. ಕೊನೆಗೆ ಅಂಕಗಳು - ಇವು ಅದರ ಅಂಕಣಗಳು. ಮೊದಲು ಗೆಲುವಿಗೆ ಎರಡು, ಸಮಕ್ಕೆ ಒಂದು ಅಂಕ ದೊರೆಯುತ್ತಿತ್ತು. ಆದುದರಿಂದ ಎರಡು ಸಮ ಪಂದ್ಯಗಳು ಒಂದು ಗೆಲುವಿಗೆ ಸಾಟಿಯಾಗಿ, ಸೋಲದಿದ್ದರೆ ಸಾಕೆಂಬ ಆಟಕ್ಕೆ ಪ್ರೋತ್ಸಾಹ ಸಿಕ್ಕಿತು. ಇದನ್ನು ತಪ್ಪಿಸಲು 1981ರಲ್ಲಿ ಇಂಗ್ಲೆಂಡಿನ ಲೀಗ್ ಗೆಲುವಿಗೆ ಮೂರು ಅಂಕಗಳನ್ನು ಗೊತ್ತುಮಾಡಿತು. ಕ್ರಮೇಣ ಜಗತ್ತೆಲ್ಲ ಇದನ್ನು ಒಪ್ಪಿತು. ಅಂಕಗಳು ಸಮನಾದಾಗ ಗೋಲುಗಳ ಅಂತರವನ್ನೋ, ಆ ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲವನ್ನೋ ನೋಡಿ ಸ್ಥಾನವನ್ನು ನಿರ್ಣಯಿಸುತ್ತಾರೆ.

ಈ ಲೆಕ್ಕವು ಎಷ್ಟು ನಿಷ್ಠುರವೆಂಬುದಕ್ಕೆ 2015ರ ಮೇ 31ರ ಪಂದ್ಯವೇ ಸಾಕ್ಷಿ. ಅಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡವು ಕಲ್ಕತ್ತೆಯ ಮೋಹನ್ ಬಗಾನ್ ತಂಡವನ್ನು ಎದುರಿಸಿತು. ಮೋಹನ್ ಬಗಾನ್ 1889ರಲ್ಲಿ ಸ್ಥಾಪಿತವಾದ ಸಂಘ. 1911ರಲ್ಲಿ ಬರಿಗಾಲಿನ ಆಟಗಾರರೇ ತುಂಬಿದ್ದ ಅದರ ತಂಡವು ಆಂಗ್ಲ ಸೈನಿಕರ ತಂಡವನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದುದು ನಮ್ಮ ರಾಷ್ಟ್ರೀಯ ಜಾಗೃತಿಯ ಚರಿತ್ರೆಯಲ್ಲಿ ಸ್ಮರಣೀಯ ಘಟನೆ. ಎದುರಿಗಿದ್ದ ತಂಡಕ್ಕಾದರೋ ಎರಡು ವರ್ಷಗಳ ಪ್ರಾಯ. ಹತ್ತೊಂಬತ್ತು ಪಂದ್ಯಗಳಾಗಿದ್ದು, ಮೋಹನ್ ಬಗಾನಿಗೆ 38, ಬೆಂಗಳೂರಿಗೆ 36 ಅಂಕಗಳಿದ್ದವು. ಗೆದ್ದರೆ ಬೆಂಗಳೂರಿಗೆ 39 ಅಂಕಗಳಾಗಿ ಪ್ರಶಸ್ತಿ ಅದರದು. ಮೋಹನ್ ಬಗಾನಿಗೆ ಸಮವಾದರೂ ಸಾಕು. ಬೆಂಗಳೂರಿನ ಜಾನ್ ಜಾನ್ಸನ್ ಮೊದಲ ಗೋಲು ಹೊಡೆದನು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಮೋಹನ್ ಬಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಗುರಿಮುಟ್ಟಿಸಿದನು. ಪಂದ್ಯ ಸಮವಾಯಿತು. ಒಂದು ಅಂಕ ಪಡೆದು 39ನ್ನು ಮುಟ್ಟಿದ ಮೋಹನ್ ಬಗಾನ್ ಪ್ರಥಮ. 37ರಲ್ಲಿ ನಿಂತ ಬೆಂಗಳೂರು ದ್ವಿತೀಯ.

ಆ ಒಂದು ಗೋಲೇ ಪ್ರಶಸ್ತಿಯನ್ನು ಕಸಿಯಿತೆಂದು ನೋಡಿದವರಿಗೆ ತೋರಬಹುದು. ಆದರೆ ಪಟ್ಟಿಯಲ್ಲಿ ಕೊನೆಯ ಪಂದ್ಯದ ಅಂಕಕ್ಕೂ ಮೊದಲ ಪಂದ್ಯದ ಅಂಕಕ್ಕೂ ಬೆಲೆ ಒಂದೇ. ಎಂದೋ ಅಲಕ್ಷ್ಯದಿಂದ ಕಳೆದುಕೊಂಡ ಎರಡು ಅಂಕಗಳು ಕೊನೆಯ ದಿನ ಬಂದು ಲೆಕ್ಕ ಕೇಳುತ್ತವೆ.

ಅಂಕಪಟ್ಟಿಯು ಹಳೆಯ ಕೀರ್ತಿಯನ್ನು ಗಣಿಸುವುದಿಲ್ಲ. ಪ್ರತಿ ವರ್ಷವೂ ಎಲ್ಲರ ಹೆಸರಿನ ಮುಂದೆ ಸೊನ್ನೆಯನ್ನೇ ಬರೆದು ಅದು ಆರಂಭವಾಗುತ್ತದೆ. ಆದರೆ ಸಂಘದ ಚರಿತ್ರೆ ಒಂದು ವರ್ಷದ ಪಟ್ಟಿಯಲ್ಲಿ ಮುಗಿಯುವುದಿಲ್ಲ. ಕೂದಲೆಳೆಯಲ್ಲಿ ಸೋತ ಬೆಂಗಳೂರು ತಂಡವು 2016ರಲ್ಲಿ ಮತ್ತೆ ಐ-ಲೀಗನ್ನು ಗೆದ್ದಿತು. ಕೆಳಗಿಳಿದ ಡೆಂಪೊ ತಂಡವೂ ಅದೇ ವರ್ಷ ಎರಡನೆಯ ದರ್ಜೆಯಲ್ಲಿ ಪ್ರಥಮ ಸ್ಥಾನ ಗಳಿಸಿತು. ಯಾವ ತಂಡ ಎಲ್ಲಿ ನಿಂತಿತೆಂಬುದನ್ನು ಪಟ್ಟಿ ಹೇಳುತ್ತದೆ. ಅಲ್ಲಿಂದ ಹೇಗೆ ಮುನ್ನಡೆಯಿತೆಂಬುದನ್ನು ಚರಿತ್ರೆ ಹೇಳುತ್ತದೆ.