ಯಂತ್ರದ ನಾಡಿ

ಮನೆಯೆಂದ ಮೇಲೆ ಒಳಗಿನ ಸುದ್ದಿಯನ್ನು ಹೊರಗೆ ತಿಳಿಸುವ ಸಾಧನಗಳು ಹಲವಿರುತ್ತವೆ. ಬಾಗಿಲ ಪಕ್ಕದ ಮೀಟರು ಉರಿದ ದೀಪದ ಲೆಕ್ಕ ಹೇಳುತ್ತದೆ. ಕುಕ್ಕರಿನ ಸೀಟಿ ಬೇಳೆ ಬೆಂದಿತೆಂದು ಕೂಗುತ್ತದೆ. ಗ್ಯಾಸಿನ ಸಿಲಿಂಡರನ್ನು ಒಮ್ಮೆ ಅಲುಗಿಸಿ ನೋಡಿಯೇ ಗೃಹಿಣಿಯು ಇನ್ನೆಷ್ಟು ದಿನ ಬಂದೀತೆಂದು ಎಣಿಸುತ್ತಾಳೆ. ಆದರೆ ಹಿರಿಯರು ಕಿರಿಯರೆನ್ನದೆ ದಿನವೂ ನಾಲ್ಕಾರು ತಾಸು ಎದುರು ಕೂರುವ ಗಣಕಯಂತ್ರವು ಮಾತ್ರ ತನ್ನ ಹೊಟ್ಟೆಯೊಳಗಿನದನ್ನು ತಾನಾಗಿ ಹೇಳದು. ಅದು ನಿಧಾನವಾದರೆ ನಾವು ಬೈಯುತ್ತೇವೆ. ನಿಂತರೆ ಅಂಗಡಿಗೆ ಹೊರುತ್ತೇವೆ. ಅದನ್ನು ಮಾತನಾಡಿಸುವ ಉಪಾಯವೊಂದು ಕಾಸಿನ ಖರ್ಚಿಲ್ಲದೆ ದೊರೆಯುತ್ತದೆಂಬುದನ್ನು ನಾವು ತಡವಾಗಿ ಕಲಿತೆವು. ಕಲಿತುದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪುಣೆಯ ನಮ್ಮ ಮನೆಯಲ್ಲಿರುವುದು ಹತ್ತು ವರ್ಷ ದಾಟಿದ ಲ್ಯಾಪ್‌ಟಾಪು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತಷ್ಟೆ. ಮುಂದಿನ ಆವೃತ್ತಿಯು ಈ ಹಳೆಯ ಯಂತ್ರವನ್ನು ಒಪ್ಪಲಿಲ್ಲ. ಆಗ ಅಣ್ಣನ ಮಗನು ಅದರಲ್ಲಿ ಲಿನಕ್ಸ್ ಮಿಂಟ್ ಎಂಬುದನ್ನು, ಅದರಲ್ಲಿಯೂ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಕೂರಿಸಿಕೊಟ್ಟ. ಕೆಲ ತಿಂಗಳು ಯಂತ್ರವು ಚೆನ್ನಾಗಿಯೇ ನಡೆಯಿತು. ಬೇಸಿಗೆ ಬಂದೊಡನೆ ಸಂಜೆಯ ಹೊತ್ತಿಗೆ ಎತ್ತಿನ ಗಾಡಿಯಂತೆ ತೆವಳತೊಡಗಿತು. ಅಂಗಡಿಯವರು ಮುಚ್ಚಳವನ್ನೂ ತೆಗೆಯದೆ, "ವಯಸ್ಸಾಯಿತು, ಹೊಸದನ್ನು ಕೊಳ್ಳಿ" ಎಂದು ತೀರ್ಪು ಕೊಟ್ಟರು.

ನಮ್ಮ ತಾಯಿಯವರು ಆ ದಿನ ಯಂತ್ರದ ಮೇಲೆ ಅಂಗೈಯಿಟ್ಟು ನೋಡಿ, "ತಮ್ಮಾ, ಇದಕ್ಕ ಜ್ವರಾ ಬಂದಾವ ನೋಡು. ಅದನ್ನ ಬೈದ್ರ ಏನ್ ಬಂತು?" ಎಂದರು. ನಾವು ನಕ್ಕೆವು. ಆದರೆ ಆ ಮಾತೇ ನಿಜವಾಯಿತು.

ಆ ಭಾನುವಾರ ಅಣ್ಣನ ಮಗನು ಬಂದು 'ಕಾಂಕಿ' ಎಂಬ ಸಣ್ಣ ತಂತ್ರಾಂಶವನ್ನು ಹಾಕಿದ. ಇದು 2005ರಿಂದ ಬಳಕೆಯಲ್ಲಿದೆ; ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಪರದೆಯ ಹಿನ್ನೆಲೆಯಲ್ಲಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತೆ, ಯಂತ್ರದ ಸ್ಥಿತಿಗತಿಯನ್ನು ಕ್ಷಣಕ್ಷಣಕ್ಕೂ ಬರೆದು ತೋರಿಸುವುದೇ ಇದರ ಕೆಲಸ. ಸುದ್ದಿಯನ್ನು ಇದು ತಾನು ಹುಟ್ಟಿಸುವುದಿಲ್ಲ. ಲಿನಕ್ಸಿನ ತಿರುಳು ತನ್ನ ಲೆಕ್ಕವನ್ನೆಲ್ಲ 'ಪ್ರಾಕ್' ಮತ್ತು 'ಸಿಸ್' ಎಂಬ ಎರಡು ಕಡತಕೋಶಗಳಲ್ಲಿ ಬಿಚ್ಚಿಟ್ಟಿರುತ್ತದೆ. ಅಲ್ಲಿನ ಕಡತಗಳು ಡಿಸ್ಕಿನ ಮೇಲೆ ಎಲ್ಲಿಯೂ ಬರೆದಿಟ್ಟವಲ್ಲ. ಕೇಳಿದಾಗ ಕೇಳಿದಂತೆ ತಯಾರಾಗುವಂಥವು. ಕಾಂಕಿಯು ಅವನ್ನು ಓದಿ ನಮ್ಮ ಕಣ್ಣಿಗೆ ಒಪ್ಪುವಂತೆ ಜೋಡಿಸುತ್ತದೆ.

ಹಾಕುವ ಬಗೆಯು ಕಠಿನವಲ್ಲ. ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಕಾಂಕಿಯ ಹೆಸರನ್ನು ಸಿ, ಓ, ಎನ್, ಕೆ, ವೈ ಎಂಬ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ, 'ಕಾಂಕಿ-ಆಲ್' ಎಂಬುದನ್ನು ಆರಿಸಿಕೊಂಡರಾಯಿತು. ಅನಂತರ ಟರ್ಮಿನಲ್ ತೆರೆದು ಆ ಐದಕ್ಷರವನ್ನು ಸಣ್ಣಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದೊಡನೆ ಅಂಕೆಗಳ ಪುಟ್ಟ ಪಟ್ಟಿಯೊಂದು ಪರದೆಯ ಮೇಲೆ ಮೂಡುತ್ತದೆ.

ಅದನ್ನು ನಮ್ಮ ಮನಸ್ಸಿಗೆ ಬಂದಂತೆ ತಿದ್ದಬೇಕಾದರೆ ಮಾದರಿಯ ಕಡತ ಬೇಕು. 'ಕಾಂಕಿ -ಸಿ > ~/.ಕಾಂಕಿಆರ್‌ಸಿ' ಎಂದು ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಬರೆದರೆ ಆ ಮಾದರಿ ನಮ್ಮ ಮನೆಕೋಶದಲ್ಲಿಯೇ ಸಿದ್ಧವಾಗುತ್ತದೆ. ಅಡ್ಡಗೆರೆಯ ಮುಂದಿನ ಸಿ ಮಾತ್ರ ದೊಡ್ಡಕ್ಷರ, ಉಳಿದುವೆಲ್ಲ ಸಣ್ಣವು. ಹೆಸರಿನ ಮೊದಲಲ್ಲಿ ಚುಕ್ಕೆಯಿರುವುದರಿಂದ ಕಡತವು ಕಣ್ಣಿಗೆ ಬೀಳದೆ ಅಡಗಿರುತ್ತದೆ. ಕಡತಗಳ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ಈ ಕಡತದಲ್ಲಿ ಎರಡು ಭಾಗಗಳಿವೆ. ಮೊದಲನೆಯದು 'ಕಾನ್ಫಿಗ್': ಪಟ್ಟಿಯು ಪರದೆಯ ಯಾವ ಮೂಲೆಯಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಎಷ್ಟು ಸೆಕೆಂಡಿಗೊಮ್ಮೆ ಹೊಸ ಅಂಕೆ ಬರಬೇಕು ಎಂಬ ವಿಚಾರಗಳು ಇಲ್ಲಿ. ಎರಡನೆಯದು 'ಟೆಕ್ಸ್ಟ್': ಏನೇನು ತೋರಬೇಕೆಂಬುದು ಇಲ್ಲಿ. ಡಾಲರು ಚಿಹ್ನೆಯ ಮುಂದೆ ಬಂದ ಪದವಿದ್ದಲ್ಲಿ ಕಾಂಕಿಯು ಅಂಕೆಯನ್ನು ತುಂಬುತ್ತದೆ. ಉಳಿದುದನ್ನು ಬರೆದ ಹಾಗೆಯೇ ತೋರಿಸುತ್ತದೆ. ಮಾದರಿಯಲ್ಲಿಲ್ಲದ ಉಷ್ಣತೆಯನ್ನು ನಾವು 'ಎಸಿಪಿಐಟೆಂಪ್' ಎಂಬ ಪದದಿಂದ ಸೇರಿಸಿಕೊಂಡೆವು. ಕಡತವನ್ನು ಉಳಿಸಿದೊಡನೆ ಪರದೆಯ ಪಟ್ಟಿ ತಾನೇ ಬದಲಾಗುವುದರಿಂದ ತಿದ್ದುವವರಿಗೆ ಉತ್ಸಾಹ ಹೆಚ್ಚುತ್ತದೆ.

ನಾವು ಎಡವಿದ ಕಡೆಗಳನ್ನೂ ಹೇಳುವುದು ಲೇಸು. ಮೊದಲ ಭಾಗದಲ್ಲಿ ಒಂದು ಸಾಲಿನ ಕೊನೆಯ ಅಲ್ಪವಿರಾಮ ಬಿಟ್ಟುಹೋಯಿತು. ಇಡೀ ಪಟ್ಟಿಯೇ ಮುನಿಸಿಕೊಂಡು ಮಾಯವಾಯಿತು. ಅಂತರ್ಜಾಲದ ವೇಗ ಸದಾ ಸೊನ್ನೆಯೆಂದೇ ತೋರುತ್ತಿತ್ತು. ಮಾದರಿಯಲ್ಲಿ 'ಇಟಿಎಚ್0' ಎಂಬ ಹಳೆಯ ಹೆಸರಿತ್ತು, ನಮ್ಮ ವೈಫೈಗೆ ಬೇರೆಯೇ ಹೆಸರಿತ್ತು. ಟರ್ಮಿನಲ್ಲಿನಲ್ಲಿ 'ಐಪಿ ಲಿಂಕ್' ಎಂದು ಬರೆದು ನಿಜವಾದ ಹೆಸರು ತಿಳಿದುಕೊಂಡು ಹಾಕಿದ ಮೇಲೆ ಸರಿಹೋಯಿತು. ಯಂತ್ರ ಹೊತ್ತಿಸಿದಾಗಲೆಲ್ಲ ಕಾಂಕಿ ತಾನಾಗಿ ಬರಬೇಕಾದರೆ ಆರಂಭದ ಕಾರ್ಯಕ್ರಮಗಳ ಪಟ್ಟಿಗೆ ಅದನ್ನು ಸೇರಿಸಿ, ಹೆಸರಿನ ಮುಂದೆ '-ಪಿ 15' ಎಂದು ಬರೆಯಬೇಕು. ಹದಿನೈದು ಸೆಕೆಂಡು ತಡೆದು, ಪರದೆ ಸಿದ್ಧವಾದ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಕಾಂಕಿಯು ಮೂಲತಃ ಎಕ್ಸ್ ಎಂಬ ಹಳೆಯ ಪರದೆ ವ್ಯವಸ್ಥೆಗಾಗಿ ಹುಟ್ಟಿದುದು. ಮಿಂಟಿನ ಈ ಆವೃತ್ತಿಯಲ್ಲಿ ಅದೇ ಇರುವುದರಿಂದ ತೊಡಕಿಲ್ಲ. ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಇರುವೆಡೆ ಕೆಲವೊಮ್ಮೆ ಪಟ್ಟಿಯು ಹೇಳಿದ ಜಾಗದಲ್ಲಿ ನಿಲ್ಲದು.

ಇನ್ನು ಅಂಕೆಗಳನ್ನು ಓದುವ ಬಗೆ. ಸ್ಮರಣೆಯ ಸಾಲನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಲಿನಕ್ಸು ಖಾಲಿ ಬಿದ್ದ ಸ್ಮರಣೆಯನ್ನು ಸುಮ್ಮನಿರಗೊಡದೆ, ಒಮ್ಮೆ ಓದಿದ ಕಡತಗಳನ್ನು ಮತ್ತೆ ಬೇಕಾದೀತೆಂದು ಅಲ್ಲಿ ಇಟ್ಟುಕೊಳ್ಳುತ್ತದೆ. ಬೇರೆ ಕೆಲಸಕ್ಕೆ ಜಾಗ ಬೇಕಾದೊಡನೆ ಬಿಟ್ಟುಕೊಡುತ್ತದೆ. ಆದುದರಿಂದ ಪೂರಾ ಖಾಲಿ ಎಷ್ಟಿದೆ ಎನ್ನುವುದಕ್ಕಿಂತ ಬೇಕಾದಾಗ ಸಿಗುವುದೆಷ್ಟು ಎಂಬುದೇ ಮುಖ್ಯ. ನಿಜವಾಗಿ ನೋಡಬೇಕಾದುದು 'ಸ್ವಾಪ್' ಎಂಬ ಸಾಲು. ಸ್ಮರಣೆ ಸಾಲದೆ ಡಿಸ್ಕಿನ ಮೇಲೆ ಸಾಲ ಮಾಡಿದ ಲೆಕ್ಕವದು. ಸಾಲ ಏರುತ್ತಲೇ ಇದ್ದರೆ ಯಂತ್ರ ಬಳಲುತ್ತಿದೆಯೆಂದು ತಿಳಿಯಬೇಕು. ಹೊರೆಯನ್ನು ತಿಳಿಸುವ 'ಲೋಡ್' ಸಾಲಿನಲ್ಲಿ ಮೂರು ಅಂಕೆಗಳಿರುತ್ತವೆ: ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. ಪ್ರೊಸೆಸರಿನಲ್ಲಿ ಎರಡು ತಿರುಳುಗಳಿದ್ದರೆ ಹೊರೆ 2ನ್ನು ದಾಟಿ ನಿಂತಾಗ ಕೆಲಸಗಳು ಸರದಿಯಲ್ಲಿ ಕಾಯುತ್ತಿವೆಯೆಂದು ಸಾಮಾನ್ಯವಾಗಿ ಹೇಳಬಹುದು.

ನಮ್ಮ ಯಂತ್ರದಲ್ಲಿ ಸ್ಮರಣೆ ಸರಿಯಿತ್ತು, ಹೊರೆಯೂ ಹೆಚ್ಚಿರಲಿಲ್ಲ. ಆದರೆ ಉಷ್ಣತೆ 96 ಡಿಗ್ರಿ ಸೆಲ್ಸಿಯಸ್! ಅದರ ಪಕ್ಕದಲ್ಲಿ ಪ್ರೊಸೆಸರಿನ ವೇಗ ಮೂರರಲ್ಲೊಂದು ಭಾಗಕ್ಕೆ ಇಳಿದಿತ್ತು. ಕಾವು ಮಿತಿ ಮೀರಿದಾಗ ಸುಟ್ಟುಹೋಗದಂತೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಾವು ಮುದಿತನವೆಂದು ಭಾವಿಸಿದುದು ಆತ್ಮರಕ್ಷಣೆಯಾಗಿತ್ತು. ಯಂತ್ರವನ್ನು ಆರಿಸಿ, ಬ್ಯಾಟರಿ ಕಳಚಿ, ತಳದ ಮುಚ್ಚಳ ಬಿಚ್ಚಿದಾಗ ಫ್ಯಾನಿನ ಬಾಯಿಗೆ ಹಾಸಿಗೆಯ ಹತ್ತಿಯಂತೆ ಧೂಳು ಮೆತ್ತಿಕೊಂಡಿತ್ತು. ಮೆತ್ತನೆಯ ಕುಂಚದಿಂದ ಅದನ್ನು ತೆಗೆದು, ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ ಲೇಪವನ್ನು ಬದಲಾಯಿಸಿದೆವು. ಸಂಜೆ ಅದೇ ಕೆಲಸಕ್ಕೆ 62 ಡಿಗ್ರಿ ತೋರಿತು. ತಾಯಿಯವರು ಮತ್ತೆ ಅಂಗೈಯಿಟ್ಟು, "ಇಳೀತು ನೋಡು" ಎಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಪಟ್ಟಿಯ ಕೊನೆಯ ಸಾಲಿನಲ್ಲಿ ಡಿಸ್ಕು ನೂರಕ್ಕೆ 94ರಷ್ಟು ತುಂಬಿದೆಯೆಂದು ಕೆಂಪಕ್ಷರದಲ್ಲಿ ಬಂದಿತು; 90 ದಾಟಿದರೆ ಬಣ್ಣ ಬದಲಾಗಲೆಂದು ಅಣ್ಣನ ಮಗನು ಬರೆದಿಟ್ಟಿದ್ದ. ಏನು ತುಂಬಿದೆಯೆಂದು ಹುಡುಕುತ್ತ ಹೋದಾಗ ನಮ್ಮ ತಂದೆಯವರ ದನಿ ಸಿಕ್ಕಿತು. ಧಾರವಾಡದ ತಮ್ಮ ಬಾಲ್ಯವನ್ನೂ ಮನೆತನದ ಕಥೆಗಳನ್ನೂ ಅವರು ಹೇಳಿ ತುಂಬಿಸಿದ್ದ ನಲವತ್ತು ಕ್ಯಾಸೆಟ್ಟುಗಳನ್ನು ಬಹಳ ಹಿಂದೆ ಗಣಕಕ್ಕೆ ಇಳಿಸಿದ್ದೆವು. ಹಿಂಡದೆ ಇಟ್ಟ ಧ್ವನಿಗೆ ತಾಸಿಗೆ ಸುಮಾರು 600 ಮೆಗಾಬೈಟು ಬೇಕು; ಅದು ಸರಿಯೇ. ಆದರೆ ಕ್ಯಾಸೆಟ್ಟುಗಳು ಮಳೆಗಾಲದ ಬೂಷ್ಟು ಹಿಡಿದು ಹಾಳಾಗಿ ವರ್ಷಗಳಾದವು. ಬೇರೆಡೆ ಪ್ರತಿಯಿದೆಯೆಂದು ಅಣ್ಣನವರು ನಂಬಿದ್ದರು. ಅಣ್ಣನವರ ಬಳಿ ಇದೆಯೆಂದು ನಾವು ನಂಬಿದ್ದೆವು. ಜಗತ್ತಿನಲ್ಲಿ ಉಳಿದಿದ್ದುದು ಈ ಒಂದೇ ಡಿಸ್ಕಿನಲ್ಲಿ, ಗುಜರಿಗೆ ಹಾಕಲು ನಾವು ಸಿದ್ಧರಾಗಿದ್ದ ಈ ಯಂತ್ರದಲ್ಲಿ! ಆ ರಾತ್ರಿಯೇ ಹೊರಡಿಸ್ಕಿಗೆ ಒಂದು ಪ್ರತಿ ತೆಗೆದೆವು. ಇನ್ನೊಂದು ಪ್ರತಿ ಮುಂದಿನ ವಾರ ಧಾರವಾಡದ ಕಾಕಾನ ಮನೆ ಸೇರಿತು.

ಈಗ ಕನ್ನಡದ ಮಾತು. ಪಟ್ಟಿಯ ಹೆಸರುಗಳು ಕನ್ನಡದಲ್ಲಿರಲೆಂದು ಮಕ್ಕಳಿಗೂ ನಮಗೂ ಆಸೆಯಾಯಿತು. ಆದರೆ ಕಾಂಕಿಯು ಅಕ್ಷರ ಬಿಡಿಸುವ ಸಾಧನಕ್ಕೆ ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಕೂಡಿಸುವ ವಿದ್ಯೆಯಿಲ್ಲ. 'ಉಷ್ಣತೆ'ಯ ಣಕಾರ ಒತ್ತು ಬೇರೆಯಾಗಿ ನಿಂತಿತು. ಮಗಳು ಉಪಾಯ ಹೂಡಿದಳು. ಉಷ್ಣತೆ, ಸ್ಮರಣೆ, ಹೊರೆ, ಉಗ್ರಾಣ ಎಂಬ ಹೆಸರುಗಳನ್ನು ಹಿನ್ನೆಲೆಯ ಚಿತ್ರದ ಮೇಲೆಯೇ ಬರೆದು, ಅವುಗಳ ಎದುರಿಗೆ ಕಾಂಕಿಯ ಅಂಕೆಗಳು ಮಾತ್ರ ಬೀಳುವಂತೆ ಜಾಗ ಹೊಂದಿಸಿದಳು. ಡಿಸ್ಕಿಗೆ ಉಗ್ರಾಣವೆಂಬ ಹೆಸರು ಅಜ್ಜಿ ಕೊಟ್ಟದ್ದು. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಮಾತ್ರ ಓದುವ ನಮ್ಮ ಚಿಕ್ಕವನು ದಿನವೂ ಈ ನಾಲ್ಕು ಪದಗಳನ್ನು ಕೂಡಿಸಿ ಓದುತ್ತಾನೆ. ಅವನು ಕನ್ನಡದಲ್ಲಿ ತಾನಾಗಿ ಓದಿದ ಮೊದಲ ಪದ 'ಹೊರೆ'.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಹಳೆಯ ಯಂತ್ರವನ್ನು ಮಾರುವ ಮುನ್ನ ಒಂದು ಭಾನುವಾರ ಅದರ ನಾಡಿ ಹಿಡಿದು ನೋಡಿರಿ. ರೋಗ ಬರಿಯ ಧೂಳಿನದಿರಬಹುದು. ಉಗ್ರಾಣದೊಳಗೆ ಏನಿದೆಯೆಂದು ತಪ್ಪದೆ ತೆರೆದು ನೋಡಿರಿ. ಮನೆಯ ಹಿರಿಯರ ದನಿಯೋ ಚಿತ್ರವೋ ಅಲ್ಲಿದ್ದರೆ ಅಂದೇ ಮತ್ತೆರಡು ಪ್ರತಿ ಮಾಡಿರಿ. ನಮ್ಮ ಮನೆಯಲ್ಲಿ ಈಗ ಪ್ರತಿ ಶನಿವಾರ ರಾತ್ರಿ ಊಟವಾದ ಮೇಲೆ ತಂದೆಯವರ ಒಂದು ಕ್ಯಾಸೆಟ್ಟು ಕೇಳುವ ಪರಿಪಾಠ. ಯಂತ್ರದ ಉಷ್ಣತೆ 55 ದಾಟುವುದಿಲ್ಲ. ಮೂವತ್ತೊಂಬತ್ತು ಇನ್ನೂ ಉಳಿದಿದ್ದಾಗ ಆರಂಭಿಸಿದೆವು; ಇನ್ನು ಇಪ್ಪತ್ತೆಂಟು ಇವೆ.