ಟೈರ್ ದೊಡ್ಡದಾಯ್ತು, ಅಚ್ಚು ಹಳೇದೇ ಇತ್ತು

ವಾರವಿಡೀ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಕೊರಟಗೆರೆ ಹತ್ತಿರದ ಊರಿಗೆ ಹೋದರೆ ನನ್ನ ಮೊದಲ ಕೆಲಸ ಶೆಡ್ಡಿನಲ್ಲಿರೋ ಟಾರ್ಪಾಲು ಎತ್ತೋದು. ಅದರ ಕೆಳಗೆ ತಾತನ ಹಳೇ ಜೀಪು. ಒಂದು ಕಾಲಕ್ಕೆ ಮಧುಗಿರಿಗೆ ಕಡ್ಲೆಕಾಯಿ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು ಬಂದವರು, ಎಲ್ಲಾ ಇದರಲ್ಲೇ ಹೋದದ್ದು.

ಎರಡು ವರ್ಷದ ಹಿಂದೆ ಇದಕ್ಕೆ 31 ಇಂಚಿನ ಟೈರ್ ಹಾಕಿಸಿದೆ. ಮೊದಲಿದ್ದದ್ದು 28 ಇಂಚು. ಯಾಕೆ ಅಂದ್ರೆ, ನಿಜ ಹೇಳ್ತೀನಿ, ಫೋಟೊಗೆ. ಮಾವ ಒಂದು ಸುತ್ತು ಬಂದು ನೋಡಿ, "ಗಾಲಿ ದೊಡ್ಡದು ಮಾಡ್ಸಿದೀಯ, ಸರಿ. ಅಚ್ಚು?" ಅಂದರು. ಅವರು ಎತ್ತಿನಗಾಡಿ ಹೊಡೆದವರು, ನಾನು ಬಿಇ ಓದಿದವನು. ನಕ್ಕು ಸುಮ್ಮನಾದೆ.

ಆ ಮಳೆಗಾಲ ಮುಗಿದ ಮೇಲೆ ಹೊಲದಿಂದ ಕಡ್ಲೆಕಾಯಿ ತುಂಬಿಕೊಂಡು ಬರ್ತಿದ್ವಿ. ಹಿಂದೆ ಐದು ಮೂಟೆ, ಪಕ್ಕದಲ್ಲಿ ಮಾವ. ದಾರಿಯಲ್ಲಿ ಒಂದು ಬಂಡೆ ಏರು, ಎಡಕ್ಕೆ ಹಳ್ಳ. ಅರ್ಧ ಏರಿದ್ದೆವು, ಹಿಂದಿನಿಂದ 'ಟಣ್' ಅಂತ ಸದ್ದು. ಎಂಜಿನ್ ಕೂಗ್ತಾ ಇದೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ. ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿತು. ಕಾಲುಬ್ರೇಕ್ ಒತ್ತಿದೆ, ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದು ಕಾಲು ಸಡಿಲಿಸಿದೆ, ಮತ್ತೆ ಜಾರಿತು. ಗೇರಲ್ಲಿ ನಿಲ್ಲಿಸಿದರೂ ಅಷ್ಟೇ. ಕಾಲು ನಡುಗ್ತಾ ಇತ್ತು. ಮಾವ ಹಾರಿ ಇಳಿದು, ಒಂದು ದಪ್ಪ ಕಲ್ಲು ತಂದು ಚಕ್ರದ ಹಿಂದೆ ಒತ್ತಿದರು.

ಹಿಂದಿನ ಆಕ್ಸಲ್‌ನ ಬಲಗಡೆ ಹಾಫ್ ಶಾಫ್ಟ್ ತುಂಡಾಗಿತ್ತು. ಹ್ಯಾಂಡ್‌ಬ್ರೇಕ್ ಯಾಕೆ ಹಿಡೀಲಿಲ್ಲ ಅನ್ನೋದು ಆಮೇಲೆ ಅರ್ಥವಾಯ್ತು. ನನ್ನ ಜೀಪಿನಂಥ ಹಳೇ ಜೀಪುಗಳಲ್ಲಿ ಅದು ಚಕ್ರವನ್ನು ಹಿಡಿಯೋದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತೆ. ಒಂದು ಕಡೆ ಹಾಫ್ ಶಾಫ್ಟ್ ಮುರಿದರೆ ಡಿಫರೆನ್ಷಿಯಲ್ ಒಳಗೆ ಆ ಕಡೆಯ ಗೇರು ಸುಮ್ಮನೆ ತಿರುಗುತ್ತೆ, ಎರಡೂ ಚಕ್ರ ಬಿಡುವಾಗುತ್ತೆ. ಗೇರು, ಹ್ಯಾಂಡ್‌ಬ್ರೇಕ್ ಎರಡೂ ಇದ್ದೂ ಇಲ್ಲದಂತೆ. ಕಲ್ಲು ಕೊಟ್ಟ ಮೇಲೆ ನಾನು ಇಳಿದು ಮುಂದಿನ ಹಬ್‌ಗಳನ್ನು ಲಾಕ್ ಮಾಡಿ, ಫೋರ್ ವೀಲ್‌ಗೆ ಹಾಕಿ, ಮುಂದಿನ ಚಕ್ರಗಳ ಬಲದಲ್ಲೇ ಮನೆ ಸೇರಿಸಿದೆ. ಮಾವ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿದ್ದ ಲೆಕ್ಕ. ಗಾಲಿ 28ರಿಂದ 31 ಆದರೆ, ನೆಲದ ಮೇಲೆ ಅದೇ ಎಳೆತ ಸಿಗೋಕೆ ಆಕ್ಸಲ್ ಸುಮಾರು 11% ಹೆಚ್ಚು ತಿರುಚುಬಲ ಹೊರಬೇಕು. ಬ್ರೇಕಿಗೂ ಅಷ್ಟೇ ಹೆಚ್ಚು ಕೆಲಸ. ಟೈರಿನ ತೂಕ ಬೇರೆ. ಇನ್ನೊಂದು ವಿಚಿತ್ರ ಏನಂದ್ರೆ, ಹಳೇ ಸವೆದ ಟೈರು ಬಂಡೆ ಮೇಲೆ ಜಾರಿ ಶಾಫ್ಟನ್ನು ಉಳಿಸ್ತಿತ್ತು. ಹೊಸದು ಗಟ್ಟಿಯಾಗಿ ಕಚ್ಚಿತು. ಜಾರೋಕೆ ದಾರಿ ಇಲ್ಲದಾಗ ಮುರಿಯೋದೊಂದೇ ಬಾಕಿ. ಇಷ್ಟಕ್ಕೂ ಡಿಫರೆನ್ಷಿಯಲ್ ಕೆಳಗೆ ನನಗೆ ಹೆಚ್ಚಿಗೆ ಸಿಕ್ಕ ಜಾಗ ಮೂರು ಇಂಚಲ್ಲ, ಒಂದೂವರೆ. ಗಾಲಿ ಬೆಳೆದದ್ದರಲ್ಲಿ ಅರ್ಧ ಮಾತ್ರ ಆಕ್ಸಲ್ ಮೇಲೇರುತ್ತೆ.

ಸರಿಯಾಗಿ ಮಾಡಬೇಕಂದ್ರೆ ಶಾಫ್ಟ್ ಜೊತೆ ಕ್ರೌನ್-ಪಿನಿಯನ್ ಕೂಡ ಬದಲಿಸಬೇಕು. ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 39 ಇದ್ದರೆ ಅನುಪಾತ 4.88. ಕ್ರೌನ್ 43 ಹಲ್ಲಿನದಾದರೆ 5.38. 31 ಇಂಚಿಗೆ ಲೆಕ್ಕ ಹೇಳೋದು 5.40, ಹೆಚ್ಚುಕಮ್ಮಿ ಅದೇ. ಆಗ ಏರಿನಲ್ಲಿ ಕಳೆದ ಎಳೆತ ವಾಪಸ್ ಬರುತ್ತೆ, ಸ್ಪೀಡೋಮೀಟರೂ ನಿಜ ಹೇಳುತ್ತೆ. ನನ್ನದು ಶಿರಾ ಹೈವೇನಲ್ಲಿ 60 ತೋರಿಸುವಾಗ ಗಾಡಿ 66ರಲ್ಲಿ ಓಡ್ತಿತ್ತು! ಆದರೆ ಹಿಂದಿನದೊಂದನ್ನೇ ಬದಲಿಸಿದರೆ ಆಗಲ್ಲ, ಮುಂದಿನದೂ ಅದೇ ಅನುಪಾತದ್ದಾಗಬೇಕು. ಇಲ್ಲದಿದ್ದರೆ ಫೋರ್ ವೀಲ್‌ಗೆ ಹಾಕಿದ ಕೂಡಲೇ ಮುಂದು ಹಿಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಹೋಗುತ್ತೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಗೂ ಕಂಪನಿಯ ಮೂಲ ವಿವರಕ್ಕೂ ತಾಳೆಯಾಗದಂತೆ ಗಾಡಿ ಬದಲಿಸೋ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಟೈರ್ ಅಂಗಡಿಯವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟೇ: ಎರಡೂ ಕಡೆ ಹೊಸ ಹಾಫ್ ಶಾಫ್ಟ್, ಹೊಸ ಬೇರಿಂಗ್, ವಾಪಸ್ 28 ಇಂಚಿನ ಟೈರ್. ಜಯಮಂಗಲಿಯ ಮರಳಿನಲ್ಲಿ ಸಿಕ್ಕಿದರೆ ಗಾಳಿ ಇಳಿಸ್ತೀನಿ, ಟೈರು ಅಗಲವಾಗಿ ಕೂರುತ್ತೆ, ಅದಕ್ಕೆ ದುಡ್ಡೂ ಬೇಡ. ಆಮೇಲೆ ಮರೆಯದೆ ತುಂಬಿಸಬೇಕು ಅಷ್ಟೇ. ಮೈದನಹಳ್ಳಿಯ ಕೃಷ್ಣಮೃಗಗಳ ಕಡೆ ಮಾತ್ರ ಯಾವ ಟೈರಿನಲ್ಲೂ ದಾರಿ ಬಿಟ್ಟು ಇಳಿಯೋದಿಲ್ಲ. ಅದು ಅವುಗಳ ಜಾಗ.

ಮೊನ್ನೆ ಮಧುಗಿರಿ ದಾಟಿ ಪಾವಗಡಕ್ಕೆ ಹೋಗಿದ್ವಿ, ತಿರುಮಣಿ ಕಡೆ ಸೋಲಾರ್ ಪಾರ್ಕ್ ನೋಡೋಕೆ. ನೆಟ್ಟಗಿನ ರಸ್ತೆ, ಎಲ್ಲೂ ಏರಿಲ್ಲ. ಆದ್ರೂ ಮಾವ ಹತ್ತುವಾಗ ಸೀಟಿನ ಕೆಳಗೆ ಒಂದು ಕಲ್ಲು ಇಟ್ಟುಕೊಂಡೇ ಕೂತರು.