ಕಲ್ಲೆಣ್ಣೆಯ ಬೆಲೆಯೂ ನಮ್ಮ ಕೊಳವೆಬಾವಿಗಳೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿಯ ರಾಶಿ ಮುಗಿದು ಬೇಸಿಗೆ ಕಾಲಿಟ್ಟೊಡನೆ ಕೊಳವೆಬಾವಿ ಕೊರೆಯುವ ಲಾರಿಗಳು ಹಳ್ಳಿಹಳ್ಳಿಗೆ ಬರಲಾರಂಭಿಸುವುವು. ಅಡಿಗೆ ದರವೆಷ್ಟೆಂದು ಜಮೀನುದಾರರೆಲ್ಲರೂ ವಿಚಾರಿಸುವರು; ಆ ದರವೇಕೆ ಏರಿತೆಂದು ವಿಚಾರಿಸುವವರು ವಿರಳ. ಬಂಡೆಯನ್ನು ಕುಟ್ಟುವ ಸುತ್ತಿಗೆಗೆ ಗಾಳಿಯೊತ್ತುವ ಕಂಪ್ರೆಸರು ಡೀಸೆಲ್ ಎಣ್ಣೆಯಿಂದಲೇ ನಡೆಯತಕ್ಕದ್ದು. ಆದುದರಿಂದ ಎಣ್ಣೆಯ ಬೆಲೆ ಏರಿದರೆ ಅಡಿಯ ದರವೂ ಏರುವುದು.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚನ್ನು ಪರದೇಶಗಳಿಂದ ತರಿಸಿಕೊಳ್ಳುತ್ತಿದೆ. 1973ರ ಅಕ್ಟೋಬರಿನಲ್ಲಿ ಅರಬ ರಾಷ್ಟ್ರಗಳು ಸರಬರಾಜನ್ನು ಬಿಗಿಹಿಡಿದಾಗ ಪೀಪಾಯಿಗೆ ಸುಮಾರು 3 ಡಾಲರು ಇದ್ದ ಬೆಲೆಯು ಕೆಲವೇ ತಿಂಗಳುಗಳಲ್ಲಿ 12 ಡಾಲರಿನ ಸಮೀಪಕ್ಕೆ ಏರಿತು. 2008ರ ಜುಲೈಯಲ್ಲಿ ಅದು 147 ಡಾಲರನ್ನು ಮುಟ್ಟಿತು. ಡೀಸೆಲಿನ ಬೆಲೆಯನ್ನು ಕಟ್ಟುವ ಅಧಿಕಾರವನ್ನು ಕೇಂದ್ರ ಸರಕಾರವು 2014ರ ಅಕ್ಟೋಬರಿನಲ್ಲಿ ಬಿಟ್ಟುಕೊಟ್ಟಿತು. 2017ರ ಜೂನಿನಿಂದ ಬೆಲೆಯನ್ನು ದಿನಂಪ್ರತಿ ಪರಿಷ್ಕರಿಸುವ ಪದ್ಧತಿ ಬಂದಿತು. ಇದಲ್ಲದೆ ರಾಜ್ಯದ ಮಾರಾಟ ತೆರಿಗೆಯು 2024ರ ಜೂನಿನಲ್ಲೊಮ್ಮೆ, 2025ರ ಎಪ್ರಿಲಿನಲ್ಲೊಮ್ಮೆ ಏರಿದೆ.

ನಮ್ಮ ನೆಲದಲ್ಲಿಯೇ ಕಲ್ಲೆಣ್ಣೆ ದೊರೆಯಬಾರದೇಕೆಂದು ಜಮೀನುದಾರರೊಬ್ಬರು ನನ್ನನ್ನು ಕೇಳಿದ್ದುಂಟು. 1974ರಲ್ಲಿ ಮುಂಬಯಿಯ ಪಶ್ಚಿಮದ ಸಮುದ್ರದಲ್ಲಿ ಎಣ್ಣೆ ದೊರೆತುದು ಜೀವರಾಶಿಯ ಅವಶೇಷವು ಕೂಡಿದ ಮಡ್ಡಿಯ ಪದರಗಳು ಅಲ್ಲಿ ಇದ್ದುದರಿಂದ. ನಮ್ಮ ಕರಿಕಲ್ಲಾದರೋ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸವು ಆರಿ ಗಟ್ಟಿಯಾದುದು. ಅದರಲ್ಲಿ ನೀರು ಸಿಕ್ಕುವುದೇ ಭಾಗ್ಯ.

ಆ ನೀರಾದರೂ ಎಲ್ಲೆಡೆಯೂ ಇರುವುದಿಲ್ಲ. ಆಳಂದ, ಅಫಜಲಪುರಗಳ ಕರಿಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ತೂತುತೂತಾದ ಕಲ್ಲಿನಲ್ಲಿ, ಬಿರುಕುಗಳಲ್ಲಿ ಮತ್ತು ಒಂದು ಪದರಕ್ಕೂ ಇನ್ನೊಂದಕ್ಕೂ ನಡುವಣ ಸಂದಿನಲ್ಲಿ. ಗಟ್ಟಿಕಲ್ಲಿನ ಪದರದೊಳಗೆ ಎಷ್ಟು ಅಡಿ ಇಳಿದರೂ ಬಿರುಕಿಲ್ಲದಿದ್ದರೆ ಬೂದಿಬಣ್ಣದ ಹುಡಿಯಲ್ಲದೆ ಬೇರೇನೂ ಮೇಲೆ ಬಾರದು. ಜೇವರ್ಗಿಯ ಕೆಲವು ಭಾಗಗಳಲ್ಲಿರುವ ಸುಣ್ಣಕಲ್ಲಿನ ರೀತಿಯೇ ಬೇರೆ. ಅಲ್ಲಿ ಸೀಳು ಸಿಕ್ಕಿದರೆ ನೀರು ಧಾರಾಳ, ಸಿಗದಿದ್ದರೆ ಪಕ್ಕದ ಹೊಲದಲ್ಲಿ ನೀರಿದ್ದರೂ ತಮ್ಮ ಹೊಲ ಒಣಗಿರಬಹುದು. ಇಷ್ಟನ್ನು ತಿಳಿಯದೆ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ನಂಬಿ ಆಳ ಹೆಚ್ಚಿಸುತ್ತ ಹೋಗುವುದು ಸರಿಯಲ್ಲ.

ಅಫಜಲಪುರದ ಕಡೆಯ ಒಂದು ಹೊಲದಲ್ಲಿ ಮೂರನೆಯ ಬಾವಿ ಕೊರೆಯುವಾಗ ನಾನು ಹಾಜರಿದ್ದೆನು. ಮುನ್ನೂರು ಅಡಿಯ ತರುವಾಯ ಒಣಹುಡಿಯೇ ಹಾರುತ್ತಿದ್ದಿತು. ಇನ್ನೊಂದು ಕೊಳವೆ, ಇನ್ನೊಂದು ಕೊಳವೆ ಎಂದು ಯಜಮಾನರು ರಾತ್ರಿಯೆಲ್ಲ ನಿಂತಿದ್ದರು. ನಿಲ್ಲಿಸಿರೆಂದು ಹೇಳಬೇಕಾಗಿದ್ದ ನಾನು, ಅವರ ಮುಖ ನೋಡಿ ಹೇಳಲಾರದೆ ಹೋದೆನು. ಆ ಸಾಲವನ್ನು ತೀರಿಸಲು ಅವರು ಎರಡು ಎಕರೆ ಮಾರಬೇಕಾಯಿತು. ಅವರ ಹೊಲದ ಹಳೆಯ ತೆರೆದ ಬಾವಿಯಲ್ಲಿ ಹೂಳು ತುಂಬಿತ್ತು. ಅದನ್ನು ತೆಗೆಯಿಸುವ ಯೋಚನೆ ನಮ್ಮಿಬ್ಬರಿಗೂ ಬಂದುದು ಬಹಳ ತಡವಾಗಿ.

ಭೀಮಾ ನದಿಯ ದಂಡೆಯಲ್ಲಿ ಎಂಜಿನ್ನಿನಿಂದ ಕಬ್ಬಿಗೆ ನೀರೆತ್ತುವವರು ಬೇರೊಂದು ಲೆಕ್ಕವನ್ನು ನೋಡತಕ್ಕದ್ದು. ಐದು ಅಶ್ವಶಕ್ತಿಯ ಎಂಜಿನ್ನು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 1 ಲೀಟರು ಎಣ್ಣೆ ಕುಡಿಯುವುದು. ಒಂದು ಎಕರೆಗೆ ಎರಡಂಗುಲ ನೀರೆಂದರೆ ಎರಡು ಲಕ್ಷ ಲೀಟರು; ಪಂಪು ಗಂಟೆಗೆ 25,000 ಲೀಟರು ಕೊಟ್ಟರೆ ಎಂಟು ಗಂಟೆಯ ಕೆಲಸ. ಎಣ್ಣೆಯನ್ನು ಲೀಟರಿಗೆ 90 ರೂಪಾಯಿಯಂತೆ ಹಿಡಿದರೆ ಒಂದು ಸರದಿಗೆ 720 ರೂಪಾಯಿ, ಇಪ್ಪತ್ತೈದು ಸರದಿಗೆ 18,000 ರೂಪಾಯಿ. ಹೀರುಕೊಳವೆಯ ತಳದ ಕವಾಟ ಸೋರುತ್ತಿದ್ದರೆ ಇದು ಇನ್ನೂ ಏರುವುದು. ಕೊಳವೆಬಾವಿಯ ಆಳದಿಂದ ಇಂತಹ ಪಂಪು ನೀರನ್ನು ಹೀರಲಾರದು. ಅದರ ಹೀರುವ ಶಕ್ತಿ ಇಪ್ಪತ್ತು ಇಪ್ಪತ್ತೈದು ಅಡಿಗೆ ಮುಗಿಯುವುದು. ಸೂರ್ಯಶಕ್ತಿಯ ಪಂಪಿಗೆ ನೆರವೀಯುವ ಕುಸುಮ್ ಯೋಜನೆಯನ್ನು ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿತು. ಅಂತಹ ಪಂಪಿಗೆ ಎಣ್ಣೆಯ ಹಂಗಿಲ್ಲ, ಆದರೆ ಹಗಲು ಮಾತ್ರ ನಡೆಯುವುದು.

ಗ್ರಾಮದ ಗೌಡರಲ್ಲಿ ಮುಖ್ಯವಾದ ವಿಜ್ಞಾಪನೆಯೊಂದಿದೆ. ನೀರು ಬಾರದ ಕೊಳವೆಬಾವಿಗಳನ್ನು ಹಲವರು ತೆರೆದೇ ಬಿಡುವರು. 2024ರ ಎಪ್ರಿಲಿನಲ್ಲಿ ಭೀಮೆಯ ಆಚೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷ ತುಂಬದ ಮಗುವೊಂದು ಅಂತಹ ಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಮೇಲೆ ಜೀವಸಹಿತ ಹೊರಬಂದಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರುವುದಿಲ್ಲ. ಕೊರೆಯುವ 15 ದಿವಸ ಮೊದಲು ಅಧಿಕಾರಿಗಳಿಗೆ ಬರೆದು ತಿಳಿಸಬೇಕು, ಕೊರೆಯುವಾಗ ಸುತ್ತಲೂ ಬೇಲಿ ಹಾಕಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ವಿಧಿಸಿದೆ. ಈ ಬೇಸಿಗೆಯ ಲಾರಿಗಳು ಬರುವುದಕ್ಕೆ ಮುಂಚೆಯೇ ತಮ್ಮ ಗ್ರಾಮದ ಸೀಮೆಯಲ್ಲಿರುವ ತೆರೆದ ಬಾವಿಗಳ ಪಟ್ಟಿಯನ್ನು ಸರ್ವೆ ನಂಬರು ಸಹಿತ ಬರೆಯಿಸಿ ಪಂಚಾಯಿತಿಗೆ ಒಪ್ಪಿಸುವುದಾಗಬೇಕು.